ಈಡಿನ ತೂಕ

ಬೇಟೆಯ ವಿಷಯದಲ್ಲಿ ಧರ್ಮಚಿಂತಕರು ಬಹುಕಾಲದಿಂದ ಕೇಳುತ್ತ ಬಂದಿರುವುದು ಪ್ರಾಣಿಯನ್ನು ಕೊಲ್ಲಬಹುದೇ ಕೂಡದೇ ಎಂಬ ಪ್ರಶ್ನೆಯನ್ನು; ಅದರ ಬೆನ್ನಿಗೇ ಅಂಟಿಕೊಂಡಿರುವ ಇನ್ನೊಂದನ್ನು, ಅಂದರೆ ಕೊಲ್ಲಲು ಹೊರಟವನು ಕೊಲ್ಲುವ ಬಗೆಗೆ ಎಷ್ಟರಮಟ್ಟಿಗೆ ಹೊಣೆಗಾರನೆಂಬುದನ್ನು, ಬೇರೆಯಾಗಿ ಎತ್ತಿಕೊಂಡವರು ಕಡಿಮೆ. ಮೊದಲ ಪ್ರಶ್ನೆಗೆ ಉತ್ತರ ‘ಕೂಡದು’ ಎಂದಾದ ಮೇಲೆ ಎರಡನೆಯದಕ್ಕೆ ಜಾಗವೇ ಉಳಿಯುವುದಿಲ್ಲವೆಂದು ತೋರುವುದು ಸಹಜ. ಆದರೆ ಕೊಲೆ ನಿಲ್ಲದೆ, ಕೊಲ್ಲುವ ಬಗೆಯ ವಿಚಾರ ಮಾತ್ರ ನಿಂತುಹೋದರೆ ಏನಾಗುತ್ತದೆ ಎಂಬುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂಥ ಬಯಲುಸೀಮೆಯ ತಾಲ್ಲೂಕುಗಳಿಗೆ ಪುಸ್ತಕದ ಪ್ರಶ್ನೆಯಲ್ಲ. ಹಂದಿಯ ಕಾಟದಿಂದ ಮೆಕ್ಕೆಜೋಳ, ಶೇಂಗಾ ಉಳಿಸಿಕೊಳ್ಳಬೇಕಾದ ರೈತನಿಗೆ ಅದು ರಾತ್ರಿಗೊಮ್ಮೆ ಎದುರಾಗುವ ಪ್ರಶ್ನೆ.

ಈ ಎರಡನೆಯ ಪ್ರಶ್ನೆಯ ವಿಚಾರವನ್ನು ಒಂದು ರೈಫಲ್ ತೋಟೆಯಿಂದ ಆರಂಭಿಸುವುದು ವಿಚಿತ್ರವೆನಿಸಿದರೂ ಅನುಕೂಲಕರ. ತೋಟೆಯೆಂದರೆ ನಾಲ್ಕು ಭಾಗಗಳ ಕೂಟ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಹೊಗೆಯಿಲ್ಲದ ಮದ್ದು, ಬಾಯಲ್ಲಿ ಕೂತ ಗುಂಡು. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಯನ್ನು ಎತ್ತಿಟ್ಟುಕೊಂಡು, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದನ್ನು ತಕ್ಕಡಿಯಲ್ಲಿ ತೂಗಿ ಸುರಿದು, ತಾನು ಆರಿಸಿದ ಗುಂಡನ್ನು ತಾನೇ ಬಿಗಿಯುವ ಕೈಕೆಲಸ ಅಮೆರಿಕ, ಯುರೋಪುಗಳ ಅನೇಕ ಬೇಟೆಗಾರರಲ್ಲಿ ರೂಢಿಯಲ್ಲಿದೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನ ಪ್ರಕಾರ ಮದ್ದುಗುಂಡಿನ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕಾದುದರಿಂದ, ಇಲ್ಲಿನ ರೈಫಲ್‌ದಾರನು ಹೆಚ್ಚಾಗಿ ಪುಣೆಯ ಬಳಿಯ ಖಡ್ಕಿ ಕಾರ್ಖಾನೆಯ .315 ತೋಟೆಯನ್ನೇ ನೆಚ್ಚಬೇಕಾಯಿತು. ಆ .315 ಅಳತೆಗೂ ಒಂದು ರಾಜಕೀಯ ಕಾರಣವಿತ್ತು: ಸೈನ್ಯದ .303 ರೈಫಲ್ಲಿನ ತೋಟೆ ಪ್ರಜೆಗಳ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಬಯಸಿದ್ದರಿಂದ ಪ್ರಜೆಗಳಿಗೆ ಬೇರೊಂದು ಅಳತೆ ಬೇಕಾಯಿತು.

ಹಾಗೆಂದು ಕೈಯಿಂದ ಮದ್ದು ತುಂಬುವ ವಿದ್ಯೆ ಈ ನಾಡಿಗೆ ಹೊರಗಿನದೇನಲ್ಲ. ತೋಟಾ ಕೋವಿ ಬರುವ ಮೊದಲಿದ್ದ ಕೇಪಿನ ಕೋವಿಯಲ್ಲಿ, ಅದಕ್ಕೂ ಹಿಂದಿನ ಬತ್ತಿಯ ತುಪಾಕಿಯಲ್ಲಿ, ನಳಿಗೆಯ ಬಾಯಿಂದಲೇ ಮದ್ದು ಸುರಿದು, ಬಟ್ಟೆಯೋ ನಾರೋ ತುರುಕಿ, ಸಲಾಕೆಯಿಂದ ಜಡಿದು, ಮೇಲೆ ಗುಂಡನ್ನೋ ಚರೆಯನ್ನೋ ಇಡಬೇಕಾಗಿತ್ತಾದ್ದರಿಂದ ಪ್ರತಿಯೊಂದು ಹೊಡೆತವೂ ಹೊಡೆಯುವವನ ಕೈಯದೇ ಆಗಿತ್ತು. ಹೀಗೆ ಒಂದು ಸಲಕ್ಕೆ ತುಂಬುವ ಮದ್ದುಗುಂಡಿಗೂ ಅದರ ಹೊಡೆತಕ್ಕೂ ಕನ್ನಡ ಬೇಟೆಗಾರರು ಬಳಸುವ ಮಾತು ‘ಈಡು’. ಕೆದಂಬಾಡಿ ಜತ್ತಪ್ಪ ರೈಗಳ ಬೇಟೆಯ ಪುಸ್ತಕವೊಂದರ ಹೆಸರೇ ‘ಈಡೊಂದು ಹುಲಿಯೆರಡು’. ಸಾಲಕ್ಕೆ ಒತ್ತೆಯಾಗಿ ಇಡುವ ವಸ್ತುವಿಗೂ ಕನ್ನಡದಲ್ಲಿ ಈಡು ಎನ್ನುವುದುಂಟು. ಎರಡೂ ಅರ್ಥಗಳು ಒಂದೇ ಬೇರಿನವೋ ಅಲ್ಲವೋ, ಈ ವಿಚಾರಕ್ಕೆ ಎರಡೂ ಬೇಕಾಗುತ್ತವೆ.

ಮದ್ದು ಮತ್ತು ಗುಂಡುಗಳ ತೂಕವನ್ನು ಬೇಟೆಗಾರರು ಇಂದಿಗೂ ‘ಗ್ರೇನ್’ ಎಂಬ ಹಳೆಯ ಮಾನದಲ್ಲೇ ಹೇಳುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗನ ಗುಲಗಂಜಿ ಇದರ ಎರಡರಷ್ಟಕ್ಕೆ ತುಸು ಕಡಿಮೆ. ಬಂಗಾರದ ಅಂಗಡಿಯ ಸೂಕ್ಷ್ಮತೆ ಸಾವಿನ ಲೆಕ್ಕಕ್ಕೂ ಬೇಕಾಗಿರುವುದು ಸುಮ್ಮನೆ ಅಲ್ಲ. ಮದ್ದಿನ ತೂಕ ತೋಟೆಯಿಂದ ತೋಟೆಗೆ ಬದಲಾದರೆ ಗುಂಡಿನ ವೇಗ ಬದಲಾಗುತ್ತದೆ, ವೇಗ ಬದಲಾದರೆ ದೂರಕ್ಕೆ ಹೋದಂತೆ ಗುಂಡು ಬೀಳುವ ಜಾಗ ಮೇಲೆ ಕೆಳಗೆ ಸರಿಯುತ್ತದೆ, ಹಾಗೆ ಸರಿದ ನಾಲ್ಕು ಬೆರಳು ಜಾಗದಲ್ಲಿ ಚಿಗರಿಯ ಎದೆಗೂ ಹೊಟ್ಟೆಗೂ ಇರುವ ವ್ಯತ್ಯಾಸವೆಲ್ಲ ಅಡಗಿರುತ್ತದೆ. ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶಗಳ ಮೂಲಕ ಹಾಯ್ದ ಗುಂಡು ಸಾಮಾನ್ಯವಾಗಿ ಕೆಲವು ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ. ಹೊಟ್ಟೆಗೆ ಬಿದ್ದದ್ದು ಪ್ರಾಣಿಯನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿಸುತ್ತದೆ. ಮದ್ದು ಹೆಚ್ಚಾದರೂ ಕೇಡು ತಪ್ಪಿದ್ದಲ್ಲ, ಆಗ ಒತ್ತಡಕ್ಕೆ ಬಂದೂಕೇ ಸಿಡಿದು ಹೊಡೆಯುವವನ ಕಣ್ಣು ಕೈಗಳಿಗೆ ಬರುತ್ತದೆ.

ಗುಂಡಿನ ಆಯ್ಕೆ ಇದಕ್ಕಿಂತ ಜಟಿಲ. ಮೂವತ್ತು ನಲವತ್ತು ಕಿಲೋ ತೂಗುವ ಕೃಷ್ಣಮೃಗದಿಂದ ನೂರು ಕಿಲೋ ಮುಟ್ಟುವ ಕಾಡುಹಂದಿಯವರೆಗಿನ ಪ್ರಾಣಿಗಳನ್ನು ಬೇಟೆಯ ಪರಿಭಾಷೆಯಲ್ಲಿ ಮಧ್ಯಮ ಗಾತ್ರದ ಮಿಕಗಳೆಂದು ಕರೆಯುತ್ತಾರೆ. ಇವಕ್ಕೆ ಪೂರ್ತಿ ಗಟ್ಟಿ ಕವಚದ ಗುಂಡನ್ನು ಹಾರಿಸಿದರೆ ಅದು ದಬ್ಬಳದ ಹಾಗೆ ಈ ಕಡೆಯಿಂದ ಆ ಕಡೆಗೆ ಹಾಯ್ದುಹೋಗಿ, ಸಣ್ಣ ತೂತಿನ ಗಾಯದೊಂದಿಗೆ ಪ್ರಾಣಿ ಪೊದೆ ಸೇರಿ ಸಾಯುತ್ತದೆ. ತೀರ ಮೆತ್ತನೆಯದನ್ನು ಹಾರಿಸಿದರೆ ಹಂದಿಯ ಭುಜದ ಮೂಳೆಗೆ ತಾಗಿ ಅಲ್ಲೇ ಚೂರಾಗಿ, ಒಳಗಿನ ಮರ್ಮಕ್ಕೆ ಮುಟ್ಟುವುದೇ ಇಲ್ಲ. ಆದ್ದರಿಂದ ಮೂತಿಯಲ್ಲಿ ಸೀಸ ತೆರೆದಿರುವ, ಮೈಗೆ ತಾಮ್ರದ ಹೊದಿಕೆಯಿರುವ, ಒಳಹೊಕ್ಕ ಮೇಲೆ ಅಣಬೆಯಂತೆ ಅರಳುವ ಗುಂಡನ್ನು ಪ್ರಾಣಿಯ ತೂಕ, ಮೂಳೆ, ದೂರಗಳಿಗೆ ಹೊಂದಿಸಿ ಆರಿಸಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಈ ಆಯ್ಕೆ ಬೇಟೆಗಾರನ ಮರ್ಜಿಗೆ ಬಿಟ್ಟದ್ದಲ್ಲ. ಅಲ್ಲಿನ 1991ರ ಜಿಂಕೆ ಕಾಯಿದೆ .240 ಅಂಗುಲಕ್ಕಿಂತ ಕಿರಿದಾದ ಅಥವಾ ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡ್‌ಗಿಂತ ಕಡಿಮೆ ಶಕ್ತಿಯ ರೈಫಲ್ಲನ್ನೂ, ಅರಳದ ಗುಂಡನ್ನೂ ಜಿಂಕೆಯ ಮೇಲೆ ಸಾಮಾನ್ಯವಾಗಿ ಬಳಸಕೂಡದೆಂದು ನಿಷೇಧಿಸುತ್ತದೆ. ಆ ಶಕ್ತಿಯನ್ನು ಹರಪನಹಳ್ಳಿಯ ಮಾರುಕಟ್ಟೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕ್ವಿಂಟಲ್ ಮೆಕ್ಕೆಜೋಳವನ್ನು ಸುಮಾರು 2.3 ಮೀಟರ್ ಎತ್ತರಕ್ಕೆ ಎತ್ತುವಷ್ಟು. ಏಳೆಂಟು ಗ್ರಾಂ ಲೋಹದಲ್ಲಿ ಅಷ್ಟನ್ನು ತುಂಬಿಡಲು ಸಾಧ್ಯವಾಗುವುದು ಶಕ್ತಿಯು ವೇಗದ ವರ್ಗಕ್ಕನುಗುಣವಾಗಿ ಬೆಳೆಯುವುದರಿಂದ, ಅಂದರೆ ವೇಗ ನೂರಕ್ಕೆ ಹತ್ತು ಪಾಲು ಹೆಚ್ಚಿದರೆ ಶಕ್ತಿ ನೂರಕ್ಕೆ ಇಪ್ಪತ್ತೊಂದು ಪಾಲು ಹೆಚ್ಚುವುದರಿಂದ.

ಇಲ್ಲಿ ನೀತಿವಿಚಾರಕರು ನಿಂತು ನೋಡಬೇಕಾದ ಒಂದು ವೈಪರೀತ್ಯವಿದೆ. ಅರಳುವ ಗುಂಡು ಕುಖ್ಯಾತವಾದದ್ದು ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಿಂದ. 1890ರ ದಶಕದಲ್ಲಿ ಅಲ್ಲಿ ಸೈನ್ಯಕ್ಕಾಗಿ ತಯಾರಾದ ಈ ಬಗೆಯ ಗುಂಡು ಮನುಷ್ಯನ ಮೈಯಲ್ಲಿ ಮಾಡುವ ಗಾಯವನ್ನು ಕಂಡು, 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅದರ ಬಳಕೆಯನ್ನು ಅಮಾನವೀಯವೆಂದು ನಿಷೇಧಿಸಿತು. ಹಾಗಾದರೆ ಮನುಷ್ಯನ ಮೇಲೆ ಕ್ರೂರವೆಂದು ನಿಷಿದ್ಧವಾದ ವಸ್ತುವೇ ಜಿಂಕೆಯ ಮೇಲೆ ದಯೆಯೆಂದು ಕಡ್ಡಾಯವಾದದ್ದು ಹೇಗೆ? ಉತ್ತರ ಗುಂಡಿನಲ್ಲಿ ಸಿಗುವುದಿಲ್ಲ, ಉದ್ದೇಶದಲ್ಲಿ ಸಿಗುತ್ತದೆ. ಯುದ್ಧದಲ್ಲಿ ಎದುರಾಳಿಯನ್ನು ಕಾದಾಟದಿಂದ ಹೊರಗಿಟ್ಟರೆ ಸಾಕು, ಅವನು ಗುಣವಾಗಿ ಮನೆ ಸೇರುವ ದಾರಿಯನ್ನು ಮುಚ್ಚಬೇಕಾಗಿಲ್ಲ. ಬೇಟೆಯಲ್ಲಾದರೋ ಗುಣವಾಗುವ ಗಾಯವೆಂಬುದನ್ನು ಬೇಟೆಗಾರ ಬಯಸುವುದೇ ಇಲ್ಲವಾದ್ದರಿಂದ, ಸಾವು ನಿಶ್ಚಯವಾದ ಮೇಲೆ ಅದನ್ನು ತಡಮಾಡುವುದೆಲ್ಲ ಕ್ರೌರ್ಯವಾಗುತ್ತದೆ. ಅಂದರೆ ಕೊಲ್ಲುವ ಬಗೆಯ ಒಳಿತು ಕೆಡಕುಗಳನ್ನು ಕೊಲ್ಲಬೇಕೆಂಬ ತೀರ್ಮಾನದಿಂದ ಪೂರ್ತಿ ಬಿಡಿಸಿ ಅಳೆಯಲು ಬರುವುದಿಲ್ಲ. ಹಾಗಿದ್ದರೂ ಅವೆರಡೂ ಒಂದೇ ಅಲ್ಲವೆಂಬುದನ್ನು ಕನ್ನಡದ ಜೈನ ಪರಂಪರೆ ಎಲ್ಲರಿಗಿಂತ ನಿಷ್ಠುರವಾಗಿ ತೋರಿಸಿಕೊಟ್ಟಿದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇಂದು ಸಣ್ಣ ಊರಾದರೂ, ‘ಕೋಗಳಿ ಐನೂರು’ ಎಂಬ ಆಡಳಿತ ವಿಭಾಗಕ್ಕೆ ಹೆಸರು ಕೊಟ್ಟ ಸ್ಥಳ; ಅಲ್ಲಿನ ಬಸದಿ ಮತ್ತು ಶಾಸನಗಳು ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆಯಲ್ಲಿದ್ದ ಜೈನ ನೆಲೆಯನ್ನು ಸಾರುತ್ತವೆ. ಜೈನರಿಗೆ ಬೇಟೆ ಗೃಹಸ್ಥನೂ ಬಿಡಬೇಕಾದ ಸಪ್ತವ್ಯಸನಗಳಲ್ಲಿ ಒಂದು, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಅವರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣ ಹೋಯಿತೇ ಎಂಬುದಷ್ಟನ್ನೇ ನೋಡುವುದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣದೊಳಗೇ ‘ಪ್ರಮಾದ’ ಎಂಬ ಪರಿಕಲ್ಪನೆ ಕೂತಿದೆ. ಪ್ರಮಾದವೆಂದರೆ ರಾಗ, ಕ್ರೋಧ, ಅಲಕ್ಷ್ಯಗಳಿಂದ ಮನಸ್ಸು ಎಚ್ಚರ ತಪ್ಪಿರುವ ಸ್ಥಿತಿ. ನೆಲ ನೋಡಿ ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಹುಳು ಸಿಕ್ಕಿ ಸತ್ತರೆ ಅವನಿಗೆ ಕರ್ಮಬಂಧವಿಲ್ಲ, ಎಚ್ಚರವಿಲ್ಲದೆ ನಡೆದವನ ಕಾಲಡಿಗೆ ಏನೂ ಸಿಗದಿದ್ದರೂ ಅವನು ಹಿಂಸಕನೇ ಎಂಬುದು ಆ ಶಾಸ್ತ್ರದ ನಿಲುವು.

ಈ ಲಕ್ಷಣವನ್ನು ಓದಿದ ಚತುರ ಬೇಟೆಗಾರನೊಬ್ಬ ತನ್ನ ಪರವಾಗಿ ವಾದ ಹೂಡಬಹುದು: ಗುಲಗಂಜಿಯಷ್ಟು ಮದ್ದನ್ನೂ ತೂಗಿ, ಮೂಳೆಗೆ ತಕ್ಕ ಗುಂಡನ್ನು ಆರಿಸಿ, ಅಡ್ಡ ನಿಂತ ಪ್ರಾಣಿಗೆ ಮಾತ್ರ ಗುರಿಯಿಡುವವನಷ್ಟು ಅಪ್ರಮತ್ತರು, ಅಂದರೆ ಎಚ್ಚರವುಳ್ಳವರು, ಇನ್ನಾರಿದ್ದಾರೆ? ಜೈನ ಆಚಾರ್ಯರು ಈ ವಾದಕ್ಕೆ ಸೋಲುವವರಲ್ಲ. ಬೇಟೆಯ ಆಸೆಯೇ ಪ್ರಮಾದವೆಂದು ಅವರು ಹೇಳುವುದಷ್ಟೇ ಅಲ್ಲ, ಇನ್ನೂ ತೀಕ್ಷ್ಣವಾದ ಉತ್ತರವೊಂದು ಜನ್ನನ ‘ಯಶೋಧರ ಚರಿತೆ’ಯ ಕಥೆಯಲ್ಲೇ ಇದೆ. ಸುಮಾರು 1209ರ ಆ ಕಾವ್ಯದಲ್ಲಿ ಜೀವಬಲಿಗೆ ಒಪ್ಪದ ಯಶೋಧರ ರಾಜ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಚಂಡಮಾರಿಗೆ ಕಡಿಯುತ್ತಾನೆ, ಅಷ್ಟಕ್ಕೇ ತಾಯಿ ಮಕ್ಕಳಿಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಕೊಲೆಯಾಗುತ್ತ ಹೋಗುತ್ತಾರೆ. ಹಿಟ್ಟಿನ ಕೋಳಿ ನೋವುಣ್ಣಲು ಹುಟ್ಟಿದ ದೇಹವಲ್ಲ. ತಪ್ಪೆಲ್ಲ ಸಂಕಲ್ಪದ್ದು, ಕೊಲ್ಲುತ್ತೇನೆಂದು ಮನಸ್ಸು ಕಟ್ಟಿಕೊಂಡದ್ದರದು. ಈ ಅಳತೆಗೋಲಿನಿಂದ ನೋಡಿದರೆ ಕೈಯಿಂದ ತೋಟೆ ತುಂಬುವವನು ಸಾಮಾನ್ಯ ಬೇಟೆಗಾರನಿಗಿಂತ ಹೆಚ್ಚಿನ ಸಂಕಲ್ಪಿ. ಹಠಾತ್ತನೆ ಎದುರಾದ ಮಿಕವನ್ನು ಕಂಡು ಉದ್ರೇಕದಲ್ಲಿ ಹೊಡೆದವನು ಕ್ಷಣದ ಆವೇಶವನ್ನಾದರೂ ನೆಪ ಹೇಳಿಯಾನು. ವಾರದ ಮೊದಲೇ ಮೇಜಿನ ಮುಂದೆ ಕೂತು, ಶಾಂತ ಮನಸ್ಸಿನಿಂದ, ಇನ್ನೂ ಕಣ್ಣಿಗೆ ಬೀಳದ ಪ್ರಾಣಿಯ ಎದೆಗೂಡನ್ನು ಊಹಿಸಿಕೊಂಡು ಗುಂಡು ಬಿಗಿದವನಿಗೆ ಆ ನೆಪವೂ ಇಲ್ಲ. ನೋವನ್ನು ಕಡಿಮೆ ಮಾಡುವ ಎಚ್ಚರವೇ ಸಂಕಲ್ಪವನ್ನು ಗಟ್ಟಿಮಾಡುತ್ತದೆ. ಈ ಗಂಟನ್ನು ಬಿಡಿಸದೆ ‘ನೀತಿಯ ಬೇಟೆ’ ಎಂಬ ಮಾತನ್ನಾಡುವವರು ಅವಸರ ಮಾಡುತ್ತಾರೆ.

ಗಂಟು ಬಿಡಿಸಲು ಮಹಾಭಾರತದ ಆದಿಪರ್ವದ ಒಂದು ಪ್ರಸಂಗ ನೆರವಾಗುತ್ತದೆ. ಕೂಡಿಕೆಯಲ್ಲಿದ್ದ ಜಿಂಕೆಗಳನ್ನು ಪಾಂಡುರಾಜ ಐದು ಬಾಣಗಳಿಂದ ಹೊಡೆದಾಗ, ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿ ಅವನೊಂದಿಗೆ ವಾದಕ್ಕೆ ನಿಲ್ಲುತ್ತಾನೆ. ಮೃಗಗಳನ್ನು ಕೊಲ್ಲುವುದು ರಾಜರಿಗೆ ವಿಹಿತವೆಂದು ಪಾಂಡು ಸಮರ್ಥಿಸಿಕೊಂಡರೆ, ಋಷಿ ಆ ನೆಲೆಯನ್ನು ಅಲ್ಲಗಳೆಯಲು ಹೋಗದೆ, ತನ್ನ ದೂರು ಕೊಂದದ್ದರ ಬಗ್ಗೆ ಅಲ್ಲ, ಕೂಡಿಕೆ ಮುಗಿಯುವಷ್ಟು ಹೊತ್ತು ಕಾಯದ ನಿಷ್ಕರುಣೆಯ ಬಗ್ಗೆ ಎನ್ನುತ್ತಾನೆ. ಬಾಣ ತಗುಲಿ ಸಾಯುತ್ತಿರುವ ಜೀವಿಯೇ ಕೊಲೆ ಮತ್ತು ಕೊಲೆಯ ಬಗೆ ಎಂಬ ಎರಡು ಖಾತೆಗಳನ್ನು ಬೇರೆಬೇರೆ ತೆರೆದಿಡುವ ಈ ಜಾಗ ಇಡೀ ಬೇಟೆಯ ಚರ್ಚೆಯಲ್ಲಿ ಅತಿ ಮುಖ್ಯವಾದುದು. ಪಾಂಡುವಿಗೆ ತಟ್ಟಿದ ಶಾಪ, ಮುಂದೆ ಕುರುವಂಶದ ಗತಿಯನ್ನೇ ತಿರುಗಿಸಿದ ಶಾಪ, ಎರಡನೆಯ ಖಾತೆಯದು.

ರಾಮಾಯಣದ ದಶರಥನ ತಪ್ಪು ಇನ್ನೊಂದು ಬಗೆಯದು. ಸರಯೂ ದಡದ ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯದೆಂದು ಬಗೆದು ಅವನು ಶಬ್ದವೇಧಿ ಬಾಣ ಬಿಟ್ಟದ್ದರಲ್ಲಿ ಬಾಲಕನನ್ನು ಕೊಲ್ಲುವ ಸಂಕಲ್ಪವಿರಲಿಲ್ಲ, ಇದ್ದದ್ದು ಕಾಣದುದಕ್ಕೆ ಹೊಡೆಯಬಲ್ಲೆನೆಂಬ ಕೌಶಲದ ಹೆಮ್ಮೆ. ಕೈಚಳಕ ಹೆಚ್ಚಿದ ಮಾತ್ರಕ್ಕೆ ಎಚ್ಚರ ಹೆಚ್ಚಿದಂತಲ್ಲವೆಂಬುದು ದೂರದರ್ಶಕ ಕೂರಿಸಿದ ರೈಫಲ್ಲಿನಿಂದ ಅರ್ಧ ಕಿಲೋಮೀಟರ್ ಆಚೆಯ ಮಿಕಕ್ಕೆ ಗುರಿಯಿಟ್ಟು ಹೆಮ್ಮೆಪಡುವ ಇಂದಿನವರಿಗೂ ಸಲ್ಲುತ್ತದೆ. ಸೆಕೆಂಡಿಗೆ 800 ಮೀಟರ್ ಆಸುಪಾಸಿನಲ್ಲಿ ಹೊರಡುವ ಗುಂಡು ಅಷ್ಟು ದೂರ ತಲಪಲು ಮುಕ್ಕಾಲು ಸೆಕೆಂಡಿನಷ್ಟಾದರೂ ಹಿಡಿಯುತ್ತದೆ, ಅಷ್ಟರಲ್ಲಿ ಚಿಗರಿ ಒಂದು ಹೆಜ್ಜೆ ಮುಂದಿಟ್ಟರೆ ಎದೆಗಿಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ದಶರಥನ ಕಥೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಇನ್ನೊಂದು ಅಂಶವೆಂದರೆ ಅವನು ಓಡಿಹೋಗಲಿಲ್ಲ. ಗಾಯಗೊಂಡವನ ಬಳಿಗೆ ಹೋದ, ಕೀಳಬೇಕಾದ ಬಾಣವನ್ನು ಕಿತ್ತ, ತಂದೆತಾಯಿಯರಿಗೆ ತಾನೇ ಸುದ್ದಿ ಮುಟ್ಟಿಸಿದ. ಗಾಯಪಟ್ಟ ಪ್ರಾಣಿಯ ರಕ್ತದ ಜಾಡು ಹಿಡಿದು ಕೊನೆಮುಟ್ಟಿಸುವ ತನಕ ಬೇಟೆ ಮುಗಿಯುವುದಿಲ್ಲವೆಂಬ ಹಳೆಯ ಶಿಕಾರಿಗಳ ಕಟ್ಟಳೆಯ ಹಿಂದಿರುವುದೂ ಇದೇ ಹೊಣೆ.

ಹೀಗೆ ಯಶೋಧರನಲ್ಲಿ ಸಂಕಲ್ಪದ ಖಾತೆ, ಪಾಂಡುವಿನಲ್ಲಿ ಬಗೆಯ ಖಾತೆ, ದಶರಥನಲ್ಲಿ ಅರಿವಿನ ಖಾತೆ ತೆರೆದಿವೆ. ಒಂದರ ಜಮೆಯನ್ನು ಇನ್ನೊಂದರ ಖರ್ಚಿಗೆ ಹಾಕಲು ಬರುವುದಿಲ್ಲ. ಒಳ್ಳೆಯ ಗುಂಡನ್ನು ಆರಿಸಿದ್ದರಿಂದ ಕೊಂದ ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆರಿಸದಿದ್ದರೆ ಮಾತ್ರ ಇನ್ನೊಂದು ತಪ್ಪು ಅದರ ಮೇಲೆ ಬಂದು ಕೂರುತ್ತದೆ. ನಿಖರತೆ ಪುಣ್ಯವಲ್ಲ, ಸಲ್ಲಿಸಬೇಕಾದ ಋಣ. ಈಡು ಎಂಬ ಮಾತಿನ ಎರಡನೆಯ ಅರ್ಥ ಇಲ್ಲಿ ಹೊಂದುತ್ತದೆ, ಏಕೆಂದರೆ ಒತ್ತೆಯಿಟ್ಟವನನ್ನು ದಾನಿಯೆಂದು ಯಾರೂ ಕರೆಯುವುದಿಲ್ಲ.

ಈ ಸೀಮೆಯ ಬೇಟೆಯ ಸಮುದಾಯಗಳಿಗೆ ಇಂಥ ಲೆಕ್ಕ ಹೊಸತಾಗಿರಲಿಲ್ಲ. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳನ್ನಾಳಿದ ಪಾಳೆಯಗಾರರು ಬೇಡ ನಾಯಕರು. ಕೂಡ್ಲಿಗಿ ಸೀಮೆಯ ಮ್ಯಾಸಬೇಡರು ಬೇಟೆಗೂ ಪಶುಪಾಲನೆಗೂ ಹೆಸರಾದವರಾಗಿಯೂ ಕೋಳಿ ಹಂದಿಗಳನ್ನು ಮುಟ್ಟಬಾರದೆಂಬ ಕಟ್ಟನ್ನು ಪಾಲಿಸುತ್ತ ಬಂದವರು. ಬೇಟೆಗಾರನೆಂದರೆ ಎಲ್ಲವನ್ನೂ ಕೊಲ್ಲುವವನೆಂಬ ಕಲ್ಪನೆ ಊರೊಳಗಿನ ಬೇಟೆಯಾಡದವರದು. ಹಂಪೆಯ ವಿರೂಪಾಕ್ಷನ ಭಕ್ತನಾದ ಕವಿ ಹರಿಹರ ಬೇಡ ಕಣ್ಣಪ್ಪನ ಮೇಲೆ ರಗಳೆ ಬರೆದದ್ದೂ ಇಲ್ಲಿಂದ ದೂರದಲ್ಲಲ್ಲ. ಹುರಿದ ಹಂದಿಮಾಂಸವನ್ನು ತಾನೇ ರುಚಿ ನೋಡಿ ಒಳ್ಳೆಯದನ್ನು ಆರಿಸಿ ಶಿವನಿಗೆ ಒಪ್ಪಿಸಿದ ಕಣ್ಣಪ್ಪನ ಕಥೆಯನ್ನೂ, ಧರ್ಮ ನಿಲ್ಲುವುದು ದಯೆಯ ಮೇಲೆಂದು ಸಾರಿದ ಶರಣರ ನಿಲುವನ್ನೂ ಒಂದೇ ಪರಂಪರೆ ಎದೆಗೊತ್ತಿಕೊಂಡಿದೆ; ಕೊಟ್ಟೂರಿನ ಗುರುಬಸವೇಶ್ವರನ ತೇರಿಗೂ ಉಜ್ಜಿನಿಯ ಪೀಠಕ್ಕೂ ನಡೆದುಕೊಳ್ಳುವ ಮಾಂಸ ಮುಟ್ಟದ ಮನೆಗಳಲ್ಲೂ ಕಣ್ಣಪ್ಪ ಪುರಾತನರ, ಅಂದರೆ ಹಿಂದಿನ ಶಿವಭಕ್ತರ, ಸಾಲಿನವನು. ಆದರೆ ಕಣ್ಣಪ್ಪನ ಕಥೆಯನ್ನು ಬೇಟೆಯ ಸಮರ್ಥನೆಗೆ ಎಳೆಯುವುದು ಸರಿಯಲ್ಲ. ಅಲ್ಲಿನ ಎಚ್ಚರ, ಆಯ್ಕೆ, ಕೊನೆಗೆ ಕಣ್ಣಿನ ತ್ಯಾಗ ಎಲ್ಲವೂ ದೇವರ ಕಡೆಗೆ ತಿರುಗಿದವು. ಸತ್ತ ಹಂದಿಗೆ ಆ ಕಥೆಯಲ್ಲಿ ಮಾತೂ ಇಲ್ಲ, ಪಾಲೂ ಇಲ್ಲ.

ಹಂದಿಗೆ ಪಾಲು ಸಿಕ್ಕಿರುವುದು, ಬೇಕಿದ್ದರೆ, ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ. ಸುಮಾರು 949ರ ಆ ಕಲ್ಲು ಕಾಳಿ ಎಂಬ ನಾಯಿಯೂ ಒಂದು ಹಿರಿಯ ಹಂದಿಯೂ ಕಾದಾಡಿ ಒಟ್ಟಿಗೆ ಸತ್ತದ್ದನ್ನು ದಾಖಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಬೇಟೆಯ ಗುರುತು ಈ ಸೀಮೆಯ ಜಾತ್ರೆಯಲ್ಲೂ ಇದೆ: ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿಯುವ ಗೊರವಯ್ಯ ಏರುವುದು ಬಿಲ್ಲನ್ನೇ. ಗೊರವರ ವೇಷದಲ್ಲಿ ಕರಡಿಕೂದಲಿನ ಕುಲಾವಿಯೂ ಉಂಟು. ಅದೇ ಕರಡಿಗಾಗಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಧಾಮವೇ ಆಗಿದೆ. ಬೇಟೆಯ ನೆನಪು ಹೀಗೆ ಪೂಜೆಯಾಗಿ ಉಳಿದು ಬೇಟೆ ಅಪರಾಧವಾದದ್ದು ಕಳೆದ ಐವತ್ತು ವರ್ಷಗಳ ಬದಲಾವಣೆ, ಅದರ ಒಳಗನ್ನು ತುಸು ಬಿಡಿಸಿ ನೋಡಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲಿಗೆ ಬೇಟೆಯನ್ನು ಪೂರ್ತಿ ನಿಷೇಧಿಸದೆ ಪರವಾನಗಿಗೆ ಒಳಪಡಿಸಿತ್ತು. ಆಗ ಅದರ 17ನೆಯ ಕಲಮು ಹೇಗೆ ಬೇಟೆಯಾಡಕೂಡದೆಂಬುದನ್ನು ವಿವರಿಸುತ್ತಿತ್ತು: ವಾಹನದಿಂದ ಹೊಡೆಯಕೂಡದು, ಸಿಡಿಮದ್ದು, ವಿಷ, ಉರುಳು, ಗುಂಡಿಗಳನ್ನು ಬಳಸಕೂಡದು, ದೊಡ್ಡ ಮಿಕಗಳನ್ನು ರೈಫಲ್ಲಿನಿಂದಲೇ, ವಿಶೇಷ ಅನುಮತಿಯಿದ್ದರೆ ಒಂಟಿಗುಂಡಿನ ಶಾಟ್‌ಗನ್ನಿನಿಂದ ಹೊಡೆಯಬೇಕು, ರಾತ್ರಿಯಲ್ಲಿ ಕೂಡದು, ನೀರು ಕುಡಿಯುವ ಜಾಗದಲ್ಲಿ ಕೂಡದು. ಕೊನೆಯ ಎರಡನ್ನು ಓದಿದರೆ ಕರಡು ಬರೆದವರ ಕಣ್ಣೆದುರಿಗೆ ಸರಯೂ ದಡದ ದಶರಥನಿದ್ದನೋ ಎನಿಸುತ್ತದೆ. 1991ರ ತಿದ್ದುಪಡಿ ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು, ಅದರೊಂದಿಗೆ 17ನೆಯ ಕಲಮೂ ಹೋಯಿತು. ತರ್ಕ ಸರಳವಾಗಿತ್ತು: ಬೇಟೆಯೇ ಇಲ್ಲದ ಮೇಲೆ ಅದರ ಬಗೆಗೆ ನಿಯಮವೇಕೆ? ನಿಷೇಧ ಅಗತ್ಯವಾಗಿತ್ತು, ಅದರ ಫಲವಾಗಿ ಉಳಿದ ಕೃಷ್ಣಮೃಗಗಳನ್ನು ತುಂಗಭದ್ರೆಯ ಆಚೆ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ನೋಡಬಹುದು. ತಪ್ಪಿದ್ದು ತರ್ಕದಲ್ಲಿ. 11ನೆಯ ಕಲಮು ಹಾಗೆಯೇ ಉಳಿಯಿತು. ಅದರ ಪ್ರಕಾರ ಮನುಷ್ಯನ ಜೀವಕ್ಕೆ ಅಥವಾ ಬೆಳೆದು ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾದ ಕೆಲವು ವರ್ಗದ ಪ್ರಾಣಿಗಳನ್ನು ಕೊಲ್ಲಲು ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು, ಕಾಡುಹಂದಿ ಈಗ ಆ ವರ್ಗದಲ್ಲಿದೆ. ಕಾರಣ ಬರೆಯಬೇಕೆಂದು ಹೇಳುವ ಆ ಕಲಮು ಗುಂಡು ಯಾವುದು, ದೂರ ಎಷ್ಟು, ಗಾಯಪಟ್ಟದ್ದನ್ನು ಹುಡುಕುವವರು ಯಾರು ಎಂಬುದನ್ನು ಬರೆಯಬೇಕೆಂದು ಹೇಳುವುದಿಲ್ಲ.

ಹೊಲದ ಸ್ಥಿತಿ ಕಾಯಿದೆಯ ಪುಟಕ್ಕಿಂತ ಕೆಟ್ಟದ್ದು. ಅನುಮತಿಗೆ ಅಲೆಯುವುದು ಕಷ್ಟ, ರೈಫಲ್ ಇಲ್ಲ, ಇದ್ದರೂ ಹೊಡೆದರೆ ಸದ್ದಾಗುತ್ತದೆ. ಆದ್ದರಿಂದ ನಾಡಿನ ಹಲವೆಡೆ ಹಂದಿಗೆ ಸಿಗುವುದು ಸದ್ದಿಲ್ಲದ ಸಾಧನಗಳು. ಬದುವಿನ ಬೇಲಿಗೆ ಕಟ್ಟಿದ ತಂತಿಯ ಉರುಳು, ಕಳ್ಳ ಕರೆಂಟು ಹರಿಸಿದ ತಂತಿ, ಹಿಟ್ಟಿನಲ್ಲೋ ಹಣ್ಣಿನಲ್ಲೋ ಅಡಗಿಸಿ ಇಟ್ಟ ಸಿಡಿಮದ್ದು. ಕಚ್ಚಿದಾಗ ಬಾಯಲ್ಲೇ ಸಿಡಿಯುವ ಈ ಮದ್ದು ಹಂದಿಯನ್ನು ಕೂಡಲೇ ಕೊಲ್ಲುವುದಿಲ್ಲ; ದವಡೆ ಚೂರಾದ ಪ್ರಾಣಿ ತಿನ್ನಲಾರದೆ, ಕುಡಿಯಲಾರದೆ ದಿನಗಟ್ಟಲೆ ಅಲೆದು ಸಾಯುತ್ತದೆ. ಹಂದಿಗೆಂದು ಇಟ್ಟದ್ದಕ್ಕೆ ದನವೂ ನಾಯಿಯೂ ಬಲಿಯಾಗುವುದುಂಟು, ಉರುಳಿಗೆ ಕರಡಿ ಬೀಳುವುದೂ ಉಂಟು, ಕರೆಂಟಿಗೆ ರೈತನೇ ಸಿಕ್ಕುವುದೂ ಉಂಟು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಹೀಗೆ ಬಾಯಿ ಸಿಡಿದು ನದಿಯ ನೀರಿನಲ್ಲಿ ನಿಂತೇ ಸತ್ತಾಗ ದೇಶವೆಲ್ಲ ಮರುಗಿತು. ಆ ಸಿಡಿಮದ್ದು ಅಸಲಿಗೆ ಹಂದಿಗೆಂದು ಇಟ್ಟದ್ದೆಂಬುದರ ಕಡೆಗೆ ಗಮನವಾಗಲಿ, ಅಂಥವುಗಳಿಂದ ಸತ್ತ ಹಂದಿಗಳ ಕಡೆಗೆ ಮರುಕವಾಗಲಿ ಹರಿಯಲಿಲ್ಲ.

ಇಲ್ಲಿ ಜೈನರ ಪ್ರಮಾದವೆಂಬ ಪರಿಕಲ್ಪನೆ ಬೇಟೆಗಾರನನ್ನು ಬಿಟ್ಟು ಸಮಾಜದ ಕಡೆಗೆ ತಿರುಗುತ್ತದೆ. ಉರುಳಿಟ್ಟವನು ಮನೆಯಲ್ಲಿ ಮಲಗಿರುತ್ತಾನೆ. ಅವನ ಕೈ ಪ್ರಾಣಿಯನ್ನು ಮುಟ್ಟುವುದಿಲ್ಲ, ಕಣ್ಣು ನೋಡುವುದಿಲ್ಲ, ಯಾವ ಪ್ರಾಣಿ ಬಂತೆಂಬುದು ಬೆಳಗಿನವರೆಗೆ ತಿಳಿಯುವುದಿಲ್ಲ. ಸಂಕಲ್ಪವಿದೆ, ಅರಿವಿಲ್ಲ, ಬಗೆಯ ಬಗ್ಗೆ ಚಿಂತೆ ಮೊದಲೇ ಇಲ್ಲ. ಮೂರು ಖಾತೆಗಳಲ್ಲೂ ಒಟ್ಟಿಗೆ ಸಾಲ. ಅದನ್ನು ಕಂಡೂ, ಅಹಿಂಸೆಯ ನಾಡಿನಲ್ಲಿ ಗುಂಡಿನ ಆಯ್ಕೆಯ ಮಾತೆತ್ತುವುದೇ ಅಸಹ್ಯವೆಂದು ಮುಖ ತಿರುಗಿಸುವ ಸಂಭಾವಿತರ ನಿಲುವು ಸಾಲಗಾರನ ಪರವಾಗಿ ಹಾಕಿದ ಜಾಮೀನು ರುಜುವಿನಂತಿದೆ. ಬಡ ರೈತನನ್ನು ಮಾತ್ರ ಹೊಣೆ ಮಾಡುವುದು ಅನ್ಯಾಯ, ಏಕೆಂದರೆ ಒಂದು ರಾತ್ರಿಯಲ್ಲಿ ಶೇಂಗಾದ ಹೊಲವನ್ನು ಉತ್ತಂತೆ ಮಾಡಿಹೋಗುವ ಹಿಂಡಿನ ಮುಂದೆ ಅವನಿಗೆ ಸಮಾಜ ಕೊಟ್ಟ ದಾರಿಗಳು ಕಡಿಮೆ. ಬೇಲಿ, ಪರಿಹಾರ, ಕಾವಲು ಇವು ಮೊದಲು ಬರಬೇಕಾದವು, ಗುಂಡು ಕೊನೆಯದು. ಕೊನೆಯದೆಂಬ ಕಾರಣಕ್ಕೆ ಅದನ್ನು ಲೆಕ್ಕವಿಲ್ಲದೆ ಬಿಡಬಹುದೆಂದಲ್ಲ.

ಕೇರಳ ಸರ್ಕಾರ 2022ರಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಿಸಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿದಾಗ, ವಿಷ, ಸಿಡಿಮದ್ದು, ವಿದ್ಯುತ್ತುಗಳನ್ನು ಬಳಸಕೂಡದೆಂಬ ಷರತ್ತನ್ನೂ ಸೇರಿಸಿತು. ಕಾಸರಗೋಡಿನ ಕನ್ನಡ ರೈತರಿಗೂ ಅದು ಅನ್ವಯಿಸಿತು. ಅಳಿಸಿಹೋದ 17ನೆಯ ಕಲಮಿನ ಒಂದು ಪಾಲು ಅಲ್ಲಿ ಹಿಂದಿನ ಬಾಗಿಲಿನಿಂದ ಮರಳಿದೆ. ಕರ್ನಾಟಕದಲ್ಲಿಯೂ 11ನೆಯ ಕಲಮಿನ ಅನುಮತಿಪತ್ರದಲ್ಲಿ ರೈಫಲ್ಲಿನ ಕನಿಷ್ಠ ಶಕ್ತಿ, ಅರಳುವ ಗುಂಡು, ಹೊಡೆಯಬಹುದಾದ ಗರಿಷ್ಠ ದೂರ, ಹಗಲಿನ ಬೆಳಕು, ಗಾಯಪಟ್ಟ ಪ್ರಾಣಿಯನ್ನು ಹುಡುಕಿ ಮುಗಿಸುವ ಹೊಣೆ ಹೊತ್ತವನ ಹೆಸರು ಇವಿಷ್ಟನ್ನು ಬರೆಯಬೇಕೆಂದು ಕಡ್ಡಾಯಮಾಡುವುದು ಸಂಬಂಧಪಟ್ಟ ಇಲಾಖೆಗೆ ಕಷ್ಟವಾದ ಕೆಲಸವಲ್ಲ. ಅನುಮತಿಪತ್ರದ ಕೆಳಭಾಗದಲ್ಲಿ ಐದು ಸಾಲಿನ ಜಾಗ ಸಾಕು.